ಬಸವನಹುಳುಗಳ ವಿಷಯದಲ್ಲಿ ನಾನು ಹೇಳಿದ ಸುಳ್ಳು

ಹೊಸ ಮೇಡಂ ನಮ್ಮ ಕಾಲೇಜಿಗೆ ಬಂದ ಮೂರನೇ ವಾರದಲ್ಲಿ ಅಣ್ಣನ ಮಗಳು ನನ್ನನ್ನು ‘ಅತ್ತಿ’ ಎಂದು ಕರೆದಳು. ಹದಿನೆಂಟು ವರ್ಷ ಅವಳಿಗೆ ನಾನು ‘ಬುವಾ’ ಆಗಿದ್ದೆ. ಬನಾರಸಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಹಾಗೇ ಕರೆಯುತ್ತಾರೆ. ‘ಅತ್ತೆ ಅನ್ನೇ ಪುಟ್ಟಿ, ಅತ್ತೆ’ ಎಂದು ಹೇಳಿ ಹೇಳಿ ಸಾಕಾಗಿ ನಾನೇ ಬಿಟ್ಟುಬಿಟ್ಟಿದ್ದೆ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ ಅವತ್ತು ಬೆಳಿಗ್ಗೆ ದೋಸೆ ತಿನ್ನುತ್ತಾ, “ಅತ್ತಿ, ಚಟ್ನಿ ಛಲೋ ಆಗೇದ” ಎಂದಳು.

ಛಲೋ. ಆಗೇದ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಅಣ್ಣ ನಕ್ಕ. ಅತ್ತಿಗೆ ಖುಷಿಯಿಂದ ಇನ್ನೊಂದು ದೋಸೆ ಬಡಿಸಿದರು. ನಾನು ಮಾತ್ರ ತಟ್ಟೆ ಸರಿಸಿದೆ. ಧಾರವಾಡದಿಂದ ಬಂದ ಒಬ್ಬ ಹೆಂಗಸು, ಇಪ್ಪತ್ತು ದಿನದಲ್ಲಿ, ನನ್ನ ಕೈಲಿ ಆಗದ್ದನ್ನು ಮಾಡಿದ್ದಳು.

ಅಣ್ಣ ಕರ್ನಾಟಕದಿಂದ ಬರುವ ಯಾತ್ರಿಗಳಿಗೆ ಪೂಜೆ, ಶ್ರಾದ್ಧ ಮಾಡಿಸುತ್ತಾನೆ. ಸೋನಾರ್‌ಪುರದ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ. ನಾನು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮೊದಲ ವರ್ಷದ ಬಿಎಸ್ಸಿ ಮಕ್ಕಳಿಗೆ ಪ್ರಾಕ್ಟಿಕಲ್ ಮಾಡಿಸುವವಳು. ವಿಭಾಗದ ಮ್ಯೂಸಿಯಂ ಕೋಣೆ ನನ್ನ ಸುಪರ್ದಿಯಲ್ಲಿತ್ತು. ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಜಾಡಿಗಳು: ಸ್ಪಂಜು, ಲಾಡಿಹುಳು, ಎರೆಹುಳು, ಏಡಿ, ನಕ್ಷತ್ರಮೀನು, ಹಾವು, ಬಾವಲಿ. ಜೀವವೈವಿಧ್ಯದ ಪಾಠ ಎಂದರೆ ನಮ್ಮಲ್ಲಿ ಮಕ್ಕಳು ಸಾಲಾಗಿ ನಿಂತು ಜಾಡಿ ನೋಡಿ, ಚಿತ್ರ ಬರೆದು, ಹೆಸರು ಮತ್ತು ಐದು ಲಕ್ಷಣ ಬಾಯಿಪಾಠ ಮಾಡುವುದು. ಅಷ್ಟೂ ಜಾಡಿಗಳ ಚೀಟಿ ನನ್ನ ಕೈಬರಹದಲ್ಲಿದ್ದವು. ಪ್ರತಿ ಬೇಸಿಗೆ ರಜೆಯಲ್ಲಿ ಒಂದೊಂದೇ ಜಾಡಿ ತೆರೆದು, ಹಳದಿಯಾದ ಫಾರ್ಮಲಿನ್ ಚೆಲ್ಲಿ, ಹೊಸದು ತುಂಬುತ್ತಿದ್ದೆ. ಕಣ್ಣು ಉರಿದು ಎರಡು ದಿನ ಮಲಗುವುದೂ ಇತ್ತು.

ಹೊಸ ಮೇಡಂ ವಿಕಾಸದ ಪಾಠಕ್ಕೆಂದು ಬಂದವರು. ನನಗಿಂತ ಹನ್ನೊಂದು ವರ್ಷ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು. ಹಣ್ಣಿನ ನೊಣಗಳ ವಂಶವಾಹಿಗಳ ಮೇಲೆ ಸಂಶೋಧನೆ ಮಾಡಿದ್ದರು. ನಾನು ಕನ್ನಡದವಳು ಎಂದು ಗೊತ್ತಾದ ದಿನ ಮ್ಯೂಸಿಯಂ ಕೋಣೆಗೆ ಓಡಿಬಂದು, “ಅಯ್ಯ, ಈ ಊರಾಗ ಕನ್ನಡ ಕೇಳಿ ಜೀವ ಬಂದಂಗಾತು ನೋಡ್ರಿ ಅಕ್ಕಾರ” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಆ ಭಾನುವಾರ ನಾನೇ ಅವರನ್ನು ಊಟಕ್ಕೆ ಕರೆದೆ. ಶೇಂಗಾ ಚಟ್ನಿಪುಡಿ ತಂದಿದ್ದರು. ಯಾತ್ರಿಗಳ ಜೊತೆಗಲ್ಲದೆ ಬೇರೆ ಯಾರೊಂದಿಗೂ ಹೆಚ್ಚು ಮಾತಾಡದ ಅಣ್ಣ ಅವರೊಂದಿಗೆ ಎರಡು ಗಂಟೆ ಕೂತ. ಪುಟ್ಟಿ ಅವರ ಬಾಯನ್ನೇ ನೋಡುತ್ತಾ ಕೂತಿದ್ದಳು. ಅವಳು ಆ ವರ್ಷವಷ್ಟೇ ನಮ್ಮ ಕಾಲೇಜಿಗೆ ಸೇರಿದ್ದಳು, ನಾನಿದ್ದೇನೆ ಎಂಬ ಧೈರ್ಯದಿಂದಲೇ ಅಣ್ಣ ಅಲ್ಲಿಗೆ ಸೇರಿಸಿದ್ದ.

ಮೇಡಂ ಅವರ ತರಗತಿ ಹೇಗಿತ್ತು ಎಂದು ನಾನು ಕದ್ದು ಕೇಳಬೇಕಾಗಿರಲಿಲ್ಲ. ಮೈಕ್ರೋಸ್ಕೋಪು ಜೋಡಿಸಲು ನಾನು ಹೋಗಲೇಬೇಕಿತ್ತು, ಹಿಂದೆ ನಿಂತು ಕೇಳುತ್ತಿದ್ದೆ. ಒಂದು ದಿನ ಒಂದೇ ಜಾತಿಯ ಜೀವಿಗಳು ಎರಡು ಗುಂಪಾಗಿ, ತಮ್ಮತಮ್ಮಲ್ಲಿ ಸಂಪರ್ಕ ತಪ್ಪಿದರೆ ಏನಾಗುತ್ತದೆ ಎಂಬ ಪಾಠ. ಪುಟ್ಟಿಯನ್ನು ಎಬ್ಬಿಸಿ ನಿಲ್ಲಿಸಿದರು. “ನಿಮ್ಮ ಮನೆಯಲ್ಲಿ ತರಕಾರಿಗೆ ಏನು ಅನ್ನುತ್ತೀರಿ?” ಎಂದು ಹಿಂದಿಯಲ್ಲಿ ಕೇಳಿದರು.

“ಸಬ್ಜಿ.”

“ಅಂಗಡಿಗೆ?”

“ದುಕಾನು.”

“ಮತ್ತೆ, ನಿಮ್ಮ ಅತ್ತೆ ‘ಬೇಗ ಬಾ’ ಅನ್ನುವುದಕ್ಕೆ ಏನು ಅನ್ನುತ್ತಾರೆ?”

“ಲಗುಬಗೆಯಿಂದ ಬಾ ಅನ್ನುತ್ತಾರೆ.”

“ನೋಡಿ,” ಎಂದರು ಮೇಡಂ ತರಗತಿಗೆ. “ಕರ್ನಾಟಕದಲ್ಲಿ ಈಗ ಪುಸ್ತಕದಲ್ಲಿ ಮಾತ್ರ ಇರುವ ಮಾತು ಇವರ ಮನೆಯಲ್ಲಿ ಉಳಿದಿದೆ. ಅಲ್ಲಿ ಇಲ್ಲದ ಮಾತು ಇಲ್ಲಿಂದ ಸೇರಿದೆ. ಭಾಷೆ ರಕ್ತದಲ್ಲಿ ಬರುವುದಿಲ್ಲ, ಆದ್ದರಿಂದ ಇದು ಬರೀ ಹೋಲಿಕೆ. ಆದರೆ ಬೇರೆಯಾದ ಗುಂಪು ಹೇಗೆ ಬದಲಾಗುತ್ತದೆ ಅಂತ ತಿಳಿಯಿತಲ್ಲ?”

ಇಡೀ ತರಗತಿಗೆ ತಿಳಿಯಿತು. ಎಲ್ಲರೂ ಹಿಂದೆ ತಿರುಗಿ ನನ್ನನ್ನು ನೋಡಿದರು. ಪುಟ್ಟಿಯ ಮುಖ ಬೆಳಗುತ್ತಿತ್ತು. ನನ್ನ ಮನೆಯ ಮಾತನ್ನೇ ಜಾಡಿಗೆ ಹಾಕಿ ಚೀಟಿ ಅಂಟಿಸಿದ ಹಾಗಾಯಿತು ನನಗೆ. ಇದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ನಾನು ಎಷ್ಟೋ ವರ್ಷ ಜಾಡಿ ತೋರಿಸಿ ಹೇಳಿದರೂ ಅರ್ಥವಾಗದ ವಿಷಯ ಅವರು ಮೂರು ಪ್ರಶ್ನೆಯಲ್ಲಿ ಅರ್ಥ ಮಾಡಿಸಿದ್ದರು. ಪಾಠ ಚೆನ್ನಾಗಿತ್ತು. ಅದೇ ನನ್ನ ಕಷ್ಟ.

ಅಕ್ಟೋಬರಿನಲ್ಲಿ ಗಂಗೆಯ ನೆರೆ ಇಳಿದ ಮೇಲೆ ಮೇಡಂ ವಿಭಾಗದ ಮುಖ್ಯಸ್ಥರ ಮುಂದೆ ಒಂದು ಯೋಜನೆ ಇಟ್ಟರು. ಮೊದಲ ವರ್ಷದ ಮಕ್ಕಳು ಜಾಡಿ ನೋಡಿ ಚಿತ್ರ ಬರೆಯುವ ಬದಲು ನದಿಗೆ ಹೋಗಲಿ. ಘಾಟಿನ ಕಲ್ಲುಮೆಟ್ಟಿಲ ಮೇಲೆ ಪಟ್ಟೆಪಟ್ಟೆಯ ಬಸವನಹುಳು ಸಿಗುತ್ತದೆ, ದೋಣಿಯವರು ಘೋಂಘಾ ಎನ್ನುವುದು. ಅದೇ ಹುಳು ನದಿಯಾಚೆ ರಾಮನಗರದ ಕಡೆಯ ಮರಳಿನಲ್ಲೂ ಇದೆ. ಆ ಕಡೆ ಕೊಕ್ಕರೆಗಳು ಹೆಚ್ಚು, ದೊಡ್ಡ ಹುಳುಗಳನ್ನು ಆರಿಸಿ ತಿನ್ನುತ್ತವೆ. ಈ ಕಡೆ ಜನಜಂಗುಳಿ, ಕೊಕ್ಕರೆ ಕಡಿಮೆ. ಹಾಗಾದರೆ ಆ ದಡದ ಹುಳುಗಳು ಚಿಕ್ಕವಾಗಿವೆಯೇ? ನಿಸರ್ಗದ ಆಯ್ಕೆ ನಮ್ಮ ಕಣ್ಣೆದುರೇ ನಡೆಯುತ್ತಿದೆಯೇ? ಮಕ್ಕಳೇ ಅಳೆದು ನೋಡಲಿ. ನವೆಂಬರ್ ಕೊನೆಗೆ ಊರಿನ ಕಾಲೇಜುಗಳೆಲ್ಲ ಸೇರುವ ಸೆಮಿನಾರಿನಲ್ಲಿ ಓದಲಿ.

ಮುಖ್ಯಸ್ಥರು ನಿವೃತ್ತಿಗೆ ಹತ್ತಿರವಾದವರು, ಯಾವುದಕ್ಕೂ ಬೇಡ ಎನ್ನದವರು. “ಇದು ಚೆನ್ನಾಗಿ ಆದರೆ ಮ್ಯೂಸಿಯಂ ಕೋಣೆಯನ್ನೇ ನಿಮ್ಮ ಪ್ರಾಜೆಕ್ಟ್ ಲ್ಯಾಬ್ ಮಾಡಿಬಿಡೋಣ. ಜಾಡಿಗಳನ್ನು ಸ್ಟೋರಿಗೆ ಹಾಕಿದರಾಯಿತು” ಎಂದರು. ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ನೋಡಿ ಹೇಳಬೇಕು ಎಂದೂ ಅವರಿಗೆ ಅನ್ನಿಸಲಿಲ್ಲ.

ಹೊರಗೆ ಬಂದ ಮೇಲೆ ಮೇಡಂ, “ಕೋಣಿ ವಿಷಯ ನಾನು ಕೇಳಿಲ್ರಿ ಅಕ್ಕಾರ, ಅವರಾ ಅಂದದ್ದು. ಮತ್ತ ನನಗ ಬಸವನಹುಳು ಹೊಸಾದು. ನಾನು ನೊಣದಾಕಿ. ತಪ್ಪಿದ್ರ ತಿದ್ದಬೇಕು ನೀವು” ಎಂದರು.

“ಅಯ್ಯೋ, ನನಗೇನು ಗೊತ್ತು ಮೇಡಂ” ಎಂದೆ. ಅದು ಮೊದಲನೆಯ ಸುಳ್ಳು.

ಮಕ್ಕಳನ್ನು ಎರಡು ಗುಂಪು ಮಾಡಿದರು. ಮೇಡಂ ಒಂದು ಗುಂಪಿನ ಜೊತೆ ಸೇತುವೆ ದಾಟಿ ಆಟೋದಲ್ಲಿ ರಾಮನಗರದ ಕಡೆ ಹೋದರು. ಘಾಟಿನ ಗುಂಪು ನನ್ನ ಪಾಲಿಗೆ ಬಂತು, ಪುಟ್ಟಿ ಅದರಲ್ಲಿದ್ದಳು. ಆಚೆ ದಡದವರು ಮರಳನ್ನು ಜರಡಿ ಹಿಡಿದರು. ಜರಡಿಯಲ್ಲಿ ಚಿಕ್ಕದು ದೊಡ್ಡದು ಎಲ್ಲವೂ ಬಂತು. ಈಚೆ ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿತ್ತು. ಮಕ್ಕಳು ಸಲ್ವಾರ್, ಪ್ಯಾಂಟು ಮಡಚಿಕೊಂಡು, ಕಣ್ಣಿಗೆ ಕಂಡದ್ದನ್ನು ಕೈಯಲ್ಲಿ ಕಿತ್ತು ಬಕೆಟ್ಟಿಗೆ ಹಾಕಿದರು. ಕಣ್ಣಿಗೆ ಮೊದಲು ಕಾಣುವುದು ದೊಡ್ಡದೇ. ಎರಡೂ ಕಡೆ ಒಂದೇ ವಿಧಾನ ಇರಬೇಕು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೇಲಿನ ಮೆಟ್ಟಿಲ ಮೇಲೆ ಛತ್ರಿ ಹಿಡಿದು ಕೂತು, ಅವರದೇ ಯೋಜನೆ, ಅವರೇ ನೋಡಿಕೊಳ್ಳಲಿ ಎಂದುಕೊಂಡೆ.

ಹುಳುಗಳನ್ನು ಎರಡು ಬಿಳಿ ತಟ್ಟೆಗಳಲ್ಲಿ ನೀರು ಹಾಕಿ ಮ್ಯೂಸಿಯಂ ಕೋಣೆಯಲ್ಲೇ ಇಟ್ಟರು. ಮಾರನೆಯ ದಿನದಿಂದ ಅಳತೆ. ಒಬ್ಬರು ವರ್ನಿಯರ್ ಕ್ಯಾಲಿಪರ್ ಹಿಡಿದು ಚಿಪ್ಪಿನ ತುದಿಯಿಂದ ಬಾಯಿಯ ಅಂಚಿನವರೆಗೆ ಎತ್ತರ ಹೇಳುವುದು, ಇನ್ನೊಬ್ಬರು ಬರೆಯುವುದು, ಮೂರನೆಯವರು ಮತ್ತೆ ಅಳೆದು ತಾಳೆ ನೋಡುವುದು. ನಾಲ್ಕು ದಿನ ಹಿಡಿಯಿತು. ಸರಾಸರಿ ತೆಗೆದಾಗ ಘಾಟಿನ ಹುಳುಗಳು ಆಚೆ ದಡದವಕ್ಕಿಂತ ಹತ್ತಿರಹತ್ತಿರ ನಾಲ್ಕು ಮಿಲಿಮೀಟರ್ ಎತ್ತರ ಬಂದವು. ಮಕ್ಕಳು ಚಪ್ಪಾಳೆ ತಟ್ಟಿದರು. ಪುಟ್ಟಿ ಹೋಗಿ ಮೇಡಂ ಕುತ್ತಿಗೆಗೆ ಜೋತುಬಿದ್ದಳು. ಹೈಸ್ಕೂಲು ಮುಗಿಸಿದ ದಿನ ಮನೆಯಲ್ಲಿ ನನ್ನ ಕುತ್ತಿಗೆಗೆ ಹಾಗೆ ಜೋತುಬಿದ್ದಿದ್ದಳು.

ಮರುದಿನ ಬೆಳಿಗ್ಗೆ ತಟ್ಟೆಯ ನೀರು ಬದಲಿಸಲು ನಾನು ಎಲ್ಲರಿಗಿಂತ ಮೊದಲು ಹೋಗಿದ್ದೆ. ಘಾಟಿನ ತಟ್ಟೆಯ ತಳದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಗಾಜಿನಂತೆ ತೆಳುವಾದ ಪುಟ್ಟ ಚಿಪ್ಪುಗಳು ಹತ್ತಾರು ತೆವಳುತ್ತಿದ್ದವು. ನೋಡಿದ ಕ್ಷಣಕ್ಕೆ ತಿಳಿಯಿತು. ಈ ಜಾತಿಯ ಬಸವನಹುಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಅವು ರಾತ್ರಿ ಹುಟ್ಟಿದ ಮರಿಗಳು. ಲೆನ್ಸ್ ತೆಗೆದುಕೊಂಡು ದೊಡ್ಡವನ್ನು ನೋಡಿದೆ. ಇದರಲ್ಲಿ ಗಂಡನ್ನು ಗುರುತಿಸುವುದು ಸುಲಭ: ತಲೆಯ ಎರಡು ಮೀಸೆಗಳಲ್ಲಿ ಬಲಗಡೆಯದು ಗಿಡ್ಡ, ದಪ್ಪ, ಬಾಗಿರುತ್ತದೆ. ಹೆಣ್ಣಿಗೆ ಎರಡೂ ನೇರ. ಘಾಟಿನ ತಟ್ಟೆಯಲ್ಲಿ ಸುಮಾರು ಎಲ್ಲವೂ ಹೆಣ್ಣು. ಆಚೆ ದಡದ ತಟ್ಟೆಯಲ್ಲಿ ಗಂಡು ಹೆಣ್ಣು ಅರ್ಧರ್ಧ. ಈ ಜಾತಿಯಲ್ಲಿ ಹೆಣ್ಣೇ ದೊಡ್ಡದು. ಮಕ್ಕಳು ದೊಡ್ಡದು ನೋಡಿ ಕಿತ್ತರು, ಕಿತ್ತದ್ದೆಲ್ಲ ಹೆಣ್ಣಾಯಿತು. ಅವರು ಕಂಡುಹಿಡಿದ ನಾಲ್ಕು ಮಿಲಿಮೀಟರಿಗೆ ಕೊಕ್ಕರೆಯೂ ಕಾರಣವಲ್ಲ, ವಿಕಾಸವೂ ಕಾರಣವಲ್ಲ. ಹೆಣ್ಣುಗಳನ್ನು ಗಂಡುಹೆಣ್ಣುಗಳ ಮಿಶ್ರಣಕ್ಕೆ ಹೋಲಿಸಿದ್ದರು, ಅಷ್ಟೇ.

ನನ್ನ ಮೈಯೆಲ್ಲ ಬಿಸಿಯಾಯಿತು. ಅದು ಸಂತೋಷ ಎಂದು ಒಪ್ಪಿಕೊಳ್ಳುವುದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಪುಟ್ಟಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದಳು. ತಟ್ಟೆಯ ಮೇಲೆ ಬಗ್ಗಿದಳು. “ಅರೇ, ಇವು ಯಾವು ಬುವಾ? ನಿನ್ನೆ ಇರಲಿಲ್ಲ.”

ಗಾಬರಿಯಲ್ಲಿ ಅವಳ ಬಾಯಿಗೆ ಬುವಾ ಬಂದಿತ್ತು. ಆಗಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಅವಳು ಅದನ್ನು ಹಿಡಿದುಕೊಂಡು ಓಡುತ್ತಿದ್ದದ್ದು ಮೇಡಂ ಬಳಿಗೆ.

“ಕೆಸರಿನ ಜೊತೆ ಬಂದಿರಬೇಕು. ಬೇರೆ ಯಾವುದೋ ಜಾತಿ” ಎಂದೆ.

“ಪಕ್ಕಾ?”

“ಪಕ್ಕಾ. ಎಷ್ಟು ವರ್ಷದಿಂದ ನೋಡ್ತಿದೀನಿ ನಾನು.”

ಅವಳು ತಲೆಯಾಡಿಸಿ ಪುಸ್ತಕ ತೆಗೆದು ಬರೆದುಕೊಂಡಳು.

ಆಮೇಲೆ ಹನ್ನೆರಡು ದಿನ ನಾನು ಸುಮ್ಮನಿದ್ದೆ. ಏನೂ ಆಗದ ಹಾಗೆ ಇದ್ದೆ ಎಂದಲ್ಲ. ಪ್ರತಿ ದಿನವೂ ನನ್ನ ತಲೆಯೊಳಗೆ ಒಂದು ಲೆಕ್ಕ ನಡೆಯುತ್ತಿತ್ತು: ಸೆಮಿನಾರಿಗೆ ದೊಡ್ಡ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬರುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಬಸವನಹುಳು ಗೊತ್ತಿರುತ್ತದೆ. “ಗಂಡು ಹೆಣ್ಣು ಬೇರೆ ಮಾಡಿದಿರಾ?” ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು, ಮೇಡಂ ತಲೆತಗ್ಗಿಸಬೇಕು. ಆ ದೃಶ್ಯವನ್ನು ನಾನು ಸೋನಾರ್‌ಪುರದ ಇ-ರಿಕ್ಷಾದಲ್ಲಿ ಕೂತು, ತರಕಾರಿ ಆರಿಸುತ್ತಾ, ಸ್ನಾನ ಮಾಡುತ್ತಾ ಕಂಡೆ. ಅದರಲ್ಲಿ ಪುಟ್ಟಿ ಎಲ್ಲಿ ನಿಂತಿರುತ್ತಾಳೆ ಎಂಬುದನ್ನು ಮಾತ್ರ ಕಾಣದೆ ಬಿಟ್ಟಿದ್ದೆ.

ಮನೆಯಲ್ಲಿ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದಳು. ಸೆಮಿನಾರಿನಲ್ಲಿ ಓದುವವಳು ಅವಳೇ ಎಂದು ಮೇಡಂ ಆರಿಸಿದ್ದರು. ಅತ್ತಿಗೆಗೆ ಹಿಂದಿ ಬರುತ್ತದೆ, ಆದರೂ ಪುಟ್ಟಿ ತಾಯಿಗಾಗಿ ಕನ್ನಡದಲ್ಲಿ ಹೇಳಿ ತೋರಿಸಿದಳು, ಮುಕ್ಕಾಲು ಧಾರವಾಡದ ಕನ್ನಡ. “ದೊಡ್ಡ ಹುಳಾ ಕೊಕ್ಕರಿ ತಿಂತಾವ. ಸಣ್ಣವು ಉಳಕೋತಾವ. ಉಳದವು ಮರಿ ಮಾಡ್ತಾವ.” ಅಣ್ಣ ಜಪಮಾಲೆ ಕೆಳಗಿಟ್ಟು ಕೇಳಿದ. ಕೊನೆಗೆ ನನ್ನ ಕಡೆ ತಿರುಗಿ, “ನಿನ್ನ ಕೆಲಸ ಏನು ಅಂತ ಇಷ್ಟು ವರ್ಷ ಆದ ಮೇಲೆ ಈಗ ತಿಳೀತು ನೋಡು ನನಗೆ” ಎಂದ. ಅವನಿಗೆ ಅದು ಪ್ರೀತಿಯ ಮಾತು. ನಾನು ಎದ್ದು ಮಹಡಿಗೆ ಹೋದೆ.

ಸೆಮಿನಾರಿಗೆ ಆರು ದಿನ ಇದ್ದಾಗ ಪ್ರಾಕ್ಟಿಕಲ್ ರೆಕಾರ್ಡುಗಳು ಸಹಿಗೆ ನನ್ನ ಮೇಜಿಗೆ ಬಂದವು. ಪ್ರತಿ ಪುಟವನ್ನೂ ಓದಿ, ಚಿತ್ರದ ಗೆರೆ ನೋಡಿ, ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಸುತ್ತಿ ಸಹಿ ಹಾಕುವುದು ನನ್ನ ಪದ್ಧತಿ. ಏಳನೆಯದು ಪುಟ್ಟಿಯದು. ತಟ್ಟೆಯ ಚಿತ್ರ ಬರೆದಿದ್ದಳು, ತಳದಲ್ಲಿ ಚುಕ್ಕೆಗಳಂತೆ ಮರಿಗಳು. ಪಕ್ಕದಲ್ಲಿ ದುಂಡಗಿನ ಅಕ್ಷರದಲ್ಲಿ: ‘ಬೇರೆ ಜಾತಿಯ ಮರಿಗಳು, ಕೆಸರಿನೊಂದಿಗೆ ಬಂದವು. ಅಳತೆಗೆ ಸೇರಿಸಿಲ್ಲ.’ ಕೆಳಗೆ ಇನ್ನೊಂದು ಸಾಲು: ‘ಪ್ರಯೋಗಾಲಯದ ಮೇಡಂ ಖಚಿತಪಡಿಸಿದ್ದಾರೆ.’ ಆ ಮೇಡಂ ನಾನೇ.

ಪೆನ್ನು ಕೈಯಲ್ಲಿತ್ತು. ಅವಳ ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಆ ಚುಕ್ಕೆಗಳಲ್ಲಿ ಕೂಡ ಚಿಪ್ಪಿನ ಸುರುಳಿ ಕಾಣುವ ಹಾಗೆ ಬರೆದಿದ್ದಳು. ಯಾರಾದರೂ ನಿಧಾನವಾಗಿ ನೋಡಿದರೆ ತಾಯಿಯ ಸುರುಳಿಯೂ ಮರಿಯ ಸುರುಳಿಯೂ ಒಂದೇ ಎಂದು ಹೇಳಿಬಿಡಬಹುದು. ಅವಳ ಕಣ್ಣು ಸರಿಯಾಗಿ ಕಂಡಿತ್ತು, ನನ್ನ ಮಾತು ಕೇಳಿ ಕೈ ತಪ್ಪು ಬರೆದಿತ್ತು. ನನ್ನ ಮೇಲೆ ನಂಬಿಕೆ ಇದ್ದದ್ದರಿಂದಲೇ ಬರೆದಿದ್ದಳು. ಅವಳು ನನ್ನನ್ನು ಬಿಟ್ಟು ಹೋದಳು ಎಂದು ನಾನು ಉರಿಯುತ್ತಿದ್ದ ಅಷ್ಟೂ ದಿನ, ಸಂಶಯ ಬಂದಾಗ ಅವಳು ಬಂದು ಕೇಳಿದ್ದು ನನ್ನನ್ನೇ.

ಸಹಿ ಹಾಕಲಿಲ್ಲ. ರೆಕಾರ್ಡು ಎತ್ತಿಕೊಂಡು ಮೇಡಂ ಕೋಣೆಗೆ ಹೋದೆ. ಪುಟ್ಟಿಯೂ ಅಲ್ಲೇ ಪೋಸ್ಟರಿಗೆ ಗೆರೆ ಎಳೆಯುತ್ತಿದ್ದಳು. ಅವಳನ್ನು ಹೊರಗೆ ಕಳಿಸಿ ಹೇಳೋಣ ಎನ್ನಿಸಿತು, ಕಳಿಸಲಿಲ್ಲ. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ: ಮರಿಗಳು, ಮೀಸೆ, ಕೈಯಲ್ಲಿ ಕಿತ್ತದ್ದು, ಜರಡಿ ಹಿಡಿದದ್ದು.

ಮೇಡಂ ತಟ್ಟನೆ ಎದ್ದು ಮ್ಯೂಸಿಯಂ ಕೋಣೆಗೆ ನಡೆದರು, ಹಿಂದೆ ನಾನು, ಪುಟ್ಟಿ. ಮೇಡಂ ಬಾಗಿಲ ಬಳಿ ನಿಂತುಬಿಟ್ಟರು. ಘಾಟಿನ ತಟ್ಟೆ ಖಾಲಿ. ಹಿಂದಿನ ದಿನವೇ ಮಕ್ಕಳು ಆ ಹುಳುಗಳನ್ನು ಕುದಿಸಿ, ಮಾಂಸ ತೆಗೆದು ಎಸೆದು, ಚಿಪ್ಪುಗಳನ್ನು ಹಲಗೆಯ ಮೇಲೆ ಅಂಟಿಸಲು ಒಣಗಿಸಿದ್ದರು. ಬರೀ ಚಿಪ್ಪು ನೋಡಿ ಗಂಡು ಹೆಣ್ಣು ಹೇಳಲಾಗದು.

“ಯಾವಾಗ ಗೊತ್ತಾತು ನಿಮಗ?” ಎಂದು ಕೇಳಿದರು.

“ಹನ್ನೆರಡು ದಿನ ಆಯಿತು.”

ಪುಟ್ಟಿ ನನ್ನ ಕಡೆ ನೋಡಿದಳು. ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಮುಗಿದದ್ದು ಅವಳ ಮುಖದಲ್ಲಿ ಕಂಡಿತು. “ಮತ್ಲಬ್, ನಾನು ಕೇಳಿದ ದಿನಾನೇ ಗೊತ್ತಿತ್ತು” ಎಂದಳು. ಪ್ರಶ್ನೆಯಾಗಿ ಕೇಳಲಿಲ್ಲ. ಹೊರಗೆ ಹೋದಳು.

ಮೇಡಂಗೆ ಸಿಟ್ಟು ಬರುವುದನ್ನು ನಾನು ಅದೇ ಮೊದಲು ನೋಡಿದ್ದು. ದನಿ ಏರಲಿಲ್ಲ. “ನನ್ನ ಮ್ಯಾಲೆ ಸಿಟ್ಟಿದ್ರ ನನಗ ಬೈಬೇಕಿತ್ರಿ ಅಕ್ಕಾರ. ಆ ಹುಡುಗಿಗೆ ಸುಳ್ಳು ಯಾಕ ಹೇಳಿದ್ರಿ? ಆಕಿ ಸ್ಟೇಜಿನ ಮ್ಯಾಲೆ ನಿಂತಿರತಿದ್ಲು.”

ನಾನು ರೆಕಾರ್ಡನ್ನು ಖಾಲಿ ತಟ್ಟೆಯ ಪಕ್ಕ ಇಟ್ಟೆ.

“ಹೋಗ್ಲಿ,” ಎಂದರು. “ಇನ್ನು ಆರು ದಿನ ಅದಾವ. ನಾಳೆ ಏಳಕ್ಕ ಎಲ್ಲಾರನ್ನೂ ಕರಸ್ತೀನಿ. ನನಗ ಮೀಸಿ ನೋಡಾಕ ಬರೂದಿಲ್ಲ. ನೀವಾ ಕಲಸ್ರಿ.”

ಮರುದಿನ ಬೆಳಿಗ್ಗೆ ಏಳಕ್ಕೆ ಉಳಿದಿದ್ದ ರಾಮನಗರದ ತಟ್ಟೆಯ ಮುಂದೆ ನಾನು ನಿಂತೆ. ನನ್ನಿಂದಾದ ತಪ್ಪು ಎಂದು ಮೊದಲೇ ಮಕ್ಕಳಿಗೆ ಹೇಳಿದೆ. ಯಾಕೆ ಎಂದು ಹೇಳಲಿಲ್ಲ. ಹುಳುವನ್ನು ಮುಟ್ಟದೆ ಕಾಯಬೇಕು, ಅದು ಬಾಯಿಯ ಮುಚ್ಚಳ ಸರಿಸಿ, ತಲೆ ಹೊರಗೆ ಹಾಕಿ, ಮೀಸೆ ಚಾಚುವವರೆಗೆ. ಅವಸರ ಮಾಡಿ ತಟ್ಟೆ ಅಲುಗಿಸಿದರೆ ಮತ್ತೆ ಒಳಗೆ. ಮೇಡಂ ಮಕ್ಕಳ ನಡುವೆ ಲೆನ್ಸ್ ಹಿಡಿದು ಕೂತು ಕಲಿತರು. ಎರಡು ಸಲ ತಪ್ಪು ಹೇಳಿ, ಮೂರನೆಯ ಸಲ ಸರಿ ಹೇಳಿದರು. ಪುಟ್ಟಿ ಮೂಲೆಯ ಮೇಜಿನಲ್ಲಿ ಒಬ್ಬಳೇ ನೋಡುತ್ತಿದ್ದಳು. ನಾನು ಹತ್ತಿರ ಹೋದಾಗ ಲೆನ್ಸ್ ಕೆಳಗಿಟ್ಟು ಎದ್ದುಹೋದಳು.

ಈ ಸಲ ಎರಡೂ ದಡಕ್ಕೆ ಒಂದೇ ವಿಧಾನ. ಕಬ್ಬಿಣದ ಸರಳು ಬಾಗಿಸಿ ಅರ್ಧ ಮೀಟರಿನ ಚೌಕಟ್ಟು ಮಾಡಿಸಿದೆವು. ಚೌಕಟ್ಟು ಎಲ್ಲಿ ಬೀಳುತ್ತದೋ ಅದರೊಳಗಿನದೆಲ್ಲ, ಮರಿಯಿಂದ ಹಿಡಿದು ದೊಡ್ಡದರವರೆಗೆ, ತೆಗೆಯಬೇಕು. ಘಾಟಿಗೆ ಹೋದರೆ ನಮ್ಮ ಮೆಟ್ಟಿಲುಗಳಲ್ಲಿ ಒಂದು ಹುಳುವೂ ಇಲ್ಲ. ನೆರೆ ಬಿಟ್ಟುಹೋದ ಹೂಳನ್ನು ಪಂಪು ಹಚ್ಚಿ ತೊಳೆಯುತ್ತಿದ್ದರು, ದಪ್ಪ ಪೈಪಿನ ನೀರು ಪಾಚಿಯನ್ನೂ ಹುಳುವನ್ನೂ ಒಟ್ಟಿಗೆ ನದಿಗೆ ತಳ್ಳಿತ್ತು. ಮಕ್ಕಳು ಅಳುವ ಹಾಗಾದರು. ನಾನು ದೋಣಿಯವನೊಬ್ಬನನ್ನು ಕೇಳಿದೆ. “ದೀದಿ, ಘೋಂಘಾ ಬೇಕಾ? ನದಿಯ ಮೇಲಕ್ಕೆ ಹೋಗಿ, ಅಲ್ಲಿ ಇನ್ನೂ ತೊಳೆದಿಲ್ಲ” ಎಂದ. ಅಲ್ಲಿಂದ ಐದು ಘಾಟು ದಾಟಿ, ಮುರಿದ ಮೆಟ್ಟಿಲಿನ ಒಂದು ಜಾಗ ಸಿಕ್ಕಿತು. ಈ ಸಲ ನಾನು ಛತ್ರಿ ತಂದಿರಲಿಲ್ಲ. ಸೀರೆ ಎತ್ತಿಕಟ್ಟಿ ಮೊಳಕಾಲುದ್ದ ನೀರಿಗಿಳಿದು ಚೌಕಟ್ಟು ಹಿಡಿದೆ. ನವೆಂಬರಿನ ನೀರು ಮೂಳೆಗೆ ತಾಗುತ್ತಿತ್ತು. ಎರಡು ದಿನ ಘಾಟು, ಒಂದು ದಿನ ರಾಮನಗರ, ಎರಡು ದಿನ ಮೀಸೆ ನೋಡುವುದು ಮತ್ತು ಅಳತೆ.

ಹೆಣ್ಣನ್ನು ಹೆಣ್ಣಿಗೆ, ಗಂಡನ್ನು ಗಂಡಿಗೆ ಹೋಲಿಸಿದಾಗ ನಾಲ್ಕು ಮಿಲಿಮೀಟರ್ ಕರಗಿಹೋಯಿತು. ಉಳಿದದ್ದು ಒಂದಕ್ಕಿಂತ ಕಡಿಮೆ. ನಮ್ಮ ಕ್ಯಾಲಿಪರ್ ಹಿಡಿಯುವ ಕೈಯ ನಡುಕವೇ ಅಷ್ಟಿರಬಹುದು. ಎರಡು ದಡದ ಹುಳುಗಳು ಒಂದೇ ಥರ ಇದ್ದವು.

ಸೆಮಿನಾರಿನ ಹಿಂದಿನ ಮಧ್ಯಾಹ್ನ ಮುಖ್ಯಸ್ಥರು, “ಏನೂ ಸಿಗಲಿಲ್ಲ ಅಂದಮೇಲೆ ಓದುವುದೇಕೆ? ಹಿಂತೆಗೆದುಕೊಳ್ಳಿ” ಎಂದರು. ಮೇಡಂ ಒಪ್ಪಲಿಲ್ಲ. “ಸಿಕ್ಕಿದೆ ಸರ್. ಮೊದಲು ಯಾಕೆ ಸಿಕ್ಕಿತ್ತು ಅನ್ನುವುದು ಸಿಕ್ಕಿದೆ” ಎಂದರು. ಆ ಉತ್ತರ ನನಗೇ ಹೊಳೆಯಬೇಕಿತ್ತು ಎಂದು ಆಗಲೂ ಅಸೂಯೆಯಾಯಿತು.

ಪುಟ್ಟಿ ಓದಿದಳು. ಮೊದಲು ಹಳೆಯ ಅಂಕಿ ತೋರಿಸಿದಳು, ಆಮೇಲೆ ಅದು ಹೇಗೆ ತಪ್ಪು ಎಂದು, ಆಮೇಲೆ ಹೊಸ ಅಂಕಿ. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಪರೀಕ್ಷಕರೊಬ್ಬರು ಕೈಯೆತ್ತಿದರು. ನಾನು ಹನ್ನೆರಡು ದಿನ ಕಾಯುತ್ತಿದ್ದ ಮನುಷ್ಯ ಅವರೇ ಇರಬೇಕು. “ಮರಿಗಳು ತಟ್ಟೆಯಲ್ಲೇ ಹುಟ್ಟಿದವು ಎಂದು ನಿಮಗೆ ಯಾರು ಹೇಳಿದರು?”

ಸಭಾಂಗಣದ ಹಿಂದಿನ ಸಾಲಿನಲ್ಲಿ ನಾನು ಸೆರಗು ಹಿಡಿದು ಕೂತಿದ್ದೆ.

“ಮೊದಲು ನಾವು ತಪ್ಪು ತಿಳಿದಿದ್ದೆವು,” ಎಂದಳು ಪುಟ್ಟಿ. “ನಮ್ಮ ಪ್ರಯೋಗಾಲಯದ ಮೇಡಂ ಸರಿಪಡಿಸಿದರು. ಈ ಹುಳುವಿನ ಬಗ್ಗೆ ನಮ್ಮ ಕಾಲೇಜಿನಲ್ಲಿ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.”

ಅದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಬಹುಮಾನ ಬೇರೆ ಕಾಲೇಜಿಗೆ ಹೋಯಿತು. ಮನೆಗೆ ಬರುವಾಗ ನಾವಿಬ್ಬರೂ ಒಂದೇ ಇ-ರಿಕ್ಷಾದಲ್ಲಿ ಎದುರುಬದುರು ಕೂತು, ಗೋದೌಲಿಯಾ ಚೌಕದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡೆವು. ಇಳಿಯುವಾಗ ಅವಳು ಹಿಂದಿಯಲ್ಲಿ, “ಇನ್ನು ಮೇಲೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಹೇಳಲು ಇಷ್ಟ ಇಲ್ಲದಿದ್ದರೆ ಇಷ್ಟ ಇಲ್ಲ ಅನ್ನಿ. ಸುಳ್ಳು ಹೇಳಬೇಡಿ” ಎಂದಳು. ನನಗೆ ಅವಳು ಬಹುವಚನ ಹಾಕಿದ್ದು ಅದೇ ಮೊದಲು. ಆಗಲಿ ಎಂದೆ.

ಜನವರಿಯಲ್ಲಿ ಮ್ಯೂಸಿಯಂ ಕೋಣೆಯ ಅರ್ಧಕ್ಕೆ ಮೇಜುಗಳು ಬಂದವು. ಜಾಡಿಗಳು ಒಂದು ಗೋಡೆಗೆ ಸರಿದವು, ಸ್ಟೋರಿಗೆ ಹೋಗಲಿಲ್ಲ. ಹೋಗದಂತೆ ನೋಡಿಕೊಂಡದ್ದು ಮೇಡಂ ಎಂದು ಮುಖ್ಯಸ್ಥರಿಂದ ತಿಳಿಯಿತು. ಮೇಡಂ ತಾವಾಗಿ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪುಟ್ಟಿ ಬಿಡುವಿನಲ್ಲೆಲ್ಲ ಅವರ ಕೋಣೆಯಲ್ಲೇ ಇರುತ್ತಾಳೆ. ಮನೆಯಲ್ಲಿ ನನ್ನೊಂದಿಗೆ ಮಾತಾಡುತ್ತಾಳೆ, ಅಳೆದು.

ಅದೇ ತಿಂಗಳು ಒಂದು ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಕೊನೆಯ ಬೆಂಚಿನಲ್ಲಿ ಕೂರುವ, ವರ್ಷವಿಡೀ ಬಾಯಿ ಬಿಡದಿದ್ದ ನೇಕಾರರ ಮನೆಯ ಹುಡುಗಿಯೊಬ್ಬಳು ನನ್ನ ಮೇಜಿನ ಬಳಿ ನಿಂತಳು.

“ಮೇಡಂ, ದೊಡ್ಡದಾಗಿರುವುದು ಒಳ್ಳೆಯದು ಅಂತ ನಿಸರ್ಗ ಹೆಣ್ಣನ್ನು ದೊಡ್ಡದು ಮಾಡಿದ್ದರೆ, ಗಂಡನ್ನೂ ಮಾಡಬೇಕಿತ್ತಲ್ಲ? ಗಂಡು ಯಾಕೆ ಚಿಕ್ಕದು?”

ಇಷ್ಟು ವರ್ಷ ನಾನು ಆ ಹುಳುಗಳ ಮೀಸೆ ನೋಡಿದ್ದೇನೆ. ಗಂಡು ಚಿಕ್ಕದು ಎಂದು ಗೊತ್ತು. ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳು ನನ್ನನ್ನು ಕೇಳಲು ಬಂದಿದ್ದಳು, ಮೇಡಂ ಅವರನ್ನಲ್ಲ. ಏನಾದರೂ ಹೇಳಿ ಅವಳನ್ನು ನನ್ನ ಮೇಜಿನ ಬಳಿಯೇ ಇಟ್ಟುಕೊಳ್ಳಬೇಕು ಎಂದು ಎಷ್ಟು ಆಸೆಯಾಯಿತೆಂದರೆ, ಒಂದು ಉತ್ತರ ನಾಲಿಗೆಯ ತುದಿಗೂ ಬಂತು.

“ನನಗೆ ಗೊತ್ತಿಲ್ಲ. ಬಾ” ಎಂದೆ.

ಮೊಗಸಾಲೆ ದಾಟಿ ಮೇಡಂ ಕೋಣೆಯ ಬಾಗಿಲು ತಟ್ಟಿದೆ. ನಾನಾಗಿ ಆ ಬಾಗಿಲು ತಟ್ಟಿದ್ದು ರೆಕಾರ್ಡು ಹಿಡಿದು ಹೋದ ದಿನ ಬಿಟ್ಟರೆ ಅದೇ ಮೊದಲು. ಮೇಡಂ ಎದ್ದು, “ಬರ್ರಿ ಅಕ್ಕಾರ, ಕೂಡ್ರಿ” ಎಂದು ಕುರ್ಚಿ ಎಳೆದರು. ನಾನು ಹುಡುಗಿಯನ್ನು ಕೂರಿಸಿ ಹಿಂದೆ ನಿಂತೆ. ಅವಳ ಪ್ರಶ್ನೆಯನ್ನು ನಾನೇ ಹೇಳಿದೆ, ಅದು ಅವಳ ಪ್ರಶ್ನೆ ಎಂದೂ ಹೇಳಿದೆ.

ಮೇಡಂ ಕಾಗದ ತೆಗೆದರು. ಹೆಣ್ಣು ಹೊಟ್ಟೆಯಲ್ಲಿ ಮರಿ ಹೊರುತ್ತದೆ, ಹೊಟ್ಟೆ ದೊಡ್ಡದಾದಷ್ಟೂ ಮರಿ ಹೆಚ್ಚು, ಗಂಡಿಗೆ ಆ ಲಾಭ ಇಲ್ಲ ಎಂದು ಎರಡು ಗೆರೆ ಎಳೆದು ತೋರಿಸಿದರು. “ಆದರೆ ಇದು ನನ್ನ ಊಹೆ. ನಿಜವೋ ಅಲ್ಲವೋ ತಿಳಿಯಬೇಕೆಂದರೆ ದೊಡ್ಡ ಹೆಣ್ಣು, ಚಿಕ್ಕ ಹೆಣ್ಣು ಎರಡನ್ನೂ ಬಿಡಿಸಿ ಮರಿ ಎಣಿಸಬೇಕು” ಎಂದರು. ಹುಡುಗಿ ಕುರ್ಚಿಯ ತುದಿಗೆ ಸರಿದಳು. ಅವಳ ಕಣ್ಣು ಮೇಡಂ ಕೈಯ ಪೆನ್ಸಿಲ್ಲಿನ ಮೇಲಿತ್ತು, ಪುಟ್ಟಿಯ ಕಣ್ಣು ಇರುತ್ತಿದ್ದ ಹಾಗೆಯೇ.

ವಿವರಿಸಿದ್ದು ಬಹಳ ಚೆನ್ನಾಗಿತ್ತು. ನನ್ನ ಹೊಟ್ಟೆ ಉರಿಯಿತು. ಮುಗಿಯುವವರೆಗೂ ಅಲ್ಲೇ ನಿಂತು ಕೇಳಿದೆ.